ಸಹಾಯ ಬೇಕು: ಒಂದೇ ಇಂಗ್ಲಿಷ್ ಪದ ನಾಮಪದವೂ ಹೌದು, ಕ್ರಿಯಾಪದವೂ ಹೌದು. ಮಗಳಿಗೆ ಹೇಗೆ ಹೇಳಿಕೊಡಲಿ?

ಎಲ್ಲರಿಗೂ ನಮಸ್ಕಾರ. ಮಗಳು ಕನ್ನಡ ಮಾಧ್ಯಮದಲ್ಲಿ 8ನೇ ತರಗತಿ ಓದುತ್ತಿದ್ದಾಳೆ. ಯಾವ ಇಂಗ್ಲಿಷ್ ಪದ ನಾಮಪದ, ಯಾವುದು ಕ್ರಿಯಾಪದ ಅಂತ ಪಟ್ಟಿ ಮಾಡಿ ಬಾಯಿಪಾಠ ಮಾಡಿದ್ದಳು. 'ವಾಟರ್' ಅಂದರೆ ನೀರು, ನಾಮಪದ. ಆಮೇಲೆ 'ವಾಟರ್ ದ ಪ್ಲಾಂಟ್ಸ್' ಅಂತ ಬಂತು. ಗಿಡಕ್ಕೆ ನೀರು ಹಾಕು ಅಂತ ಅರ್ಥ. ಪಾಪ, ಪಟ್ಟಿ ಮುಚ್ಚಿಟ್ಟು ಕೂತಳು.

ನಾನು ಕನ್ನಡದ 'ಹಾಡು' ತೋರಿಸಿದೆ. ಈ ಹಾಡು ಚೆನ್ನಾಗಿದೆ, ನೀನೂ ಹಾಡು. ಥಟ್ಟನೆ ಅರ್ಥ ಆಯಿತು. ಆದರೆ ನಮ್ಮಲ್ಲಿ ಹಾಡನ್ನು, ಹಾಡಿದಳು ಅಂತ ಪ್ರತ್ಯಯ ಸೇರಿದ ಕೂಡಲೇ ಗೊತ್ತಾಗಿಬಿಡುತ್ತದೆ ಅಲ್ವಾ? ಇಂಗ್ಲಿಷಿನಲ್ಲಿ ಪದ ವಾಕ್ಯದ ಯಾವ ಜಾಗದಲ್ಲಿದೆ ಅನ್ನುವುದನ್ನೇ ಜಾಸ್ತಿ ನೋಡಬೇಕು.

ಪದಕ್ಕಿಂತ ಮೊದಲು 'ದ' ಇದ್ದರೆ ನಾಮಪದ, 'ಟು' ಇದ್ದರೆ ಕ್ರಿಯಾಪದ ಅಂದೆ. ಅವಳು 'ದ ಫಾಸ್ಟ್ ಬಸ್' ಅಂತ ಬರೆದು ತೋರಿಸಿದಳು. 'ದ' ಇದೆ, ಆದರೆ ಫಾಸ್ಟ್ ಅಲ್ಲಿ ಗುಣವಾಚಕ. 'ರನ್ ಫಾಸ್ಟ್' ಅಂದರೆ ಕ್ರಿಯಾವಿಶೇಷಣ. ಉಪವಾಸಕ್ಕೂ ಫಾಸ್ಟ್ ಅನ್ನುತ್ತಾರೆ. 'ಗೋ ಟು ವರ್ಕ್' ಅನ್ನುವಾಗ 'ಟು' ಇದ್ದರೂ ವರ್ಕ್ ನಾಮಪದವೇ. ಅವಳ ಪ್ರಶ್ನೆ ನ್ಯಾಯವಾದದ್ದು, ಸುಮ್ನೆ ತಳ್ಳಿಹಾಕಲು ನನಗೆ ಮನಸ್ಸಿಲ್ಲ.

'ರೆಕಾರ್ಡ್' ಥರದ ಪದಗಳಲ್ಲಿ ಉಚ್ಚಾರಣೆಯೂ ಬದಲಾಗುತ್ತದೆ. ನಾಮಪದಕ್ಕೆ ಮೊದಲ ಭಾಗ ಒತ್ತಿ ಹೇಳಬೇಕು, ಕ್ರಿಯಾಪದಕ್ಕೆ ಎರಡನೆಯದು. ಇದನ್ನು ಈಗಲೇ ಹೇಳಲೋ, ಆಮೇಲೋ?

ಇಂಗ್ಲಿಷ್ ಪಾಠ ಮಾಡುವವರು ಯಾರಾದರೂ ಇದ್ದರೆ ತಿಳಿಸಿ. ಯಾವ ಕ್ರಮದಲ್ಲಿ ಶುರು ಮಾಡಲಿ? ದಿನಕ್ಕೆ ಐದಾರು ವಾಕ್ಯ ಅಭ್ಯಾಸ ಮಾಡಿಸಿದರೆ ಸಾಕಾ? ಮುಂದಿನ ವಾರ ಅವಳಿಗೆ ಟೆಸ್ಟ್ ಇದೆ.