ಸಂದಿಲ್ಲದ ಕಂಬಿ ಬಿಸಿಲಿಗೆ ಹಿಗ್ಗಿದರೆ ಎಲ್ಲಿಗೆ ಹೋಗುತ್ತೆ?

ಪಯಣಿಗ_ಪ್ರಶ್ನೆ: ಹಿಗ್ಗಲು ಜಾಗ ಬೇಕು ಅಂತ ರೈಲು ಕಂಬಿಗಳ ನಡುವೆ ಸಂದು ಬಿಡ್ತಾರೆ ಅಂತ ಶಾಲೆಯಲ್ಲಿ ಹೇಳಿಕೊಟ್ಟಿದ್ದರು. ಮುಂಬೈ–ಅಹಮದಾಬಾದ್ ಬುಲೆಟ್ ರೈಲಿಗೆ 25 ಮೀಟರ್ ಕಂಬಿಗಳನ್ನು 200 ಮೀಟರಿಗೆ ಬೆಸೆದು, ಆಮೇಲೆ ಅವನ್ನೂ ಒಂದಕ್ಕೊಂದು ಬೆಸೀತಾರೆ. ಹಾಗಾದರೆ ಹಿಗ್ಗಿದ್ದು ಎಲ್ಲಿ ಹೋಯ್ತು? ಜಲ್ಲಿ ಬಿಟ್ಟು ಕಾಂಕ್ರೀಟ್ ಯಾಕೆ?

ಕ್ಲಿಪ್ಪು_ಕಂಬಿ: ಎಲ್ಲಿಗೂ ಹೋಗಲ್ಲ, ಸ್ಲೀಪರಿಗೆ (ಕಂಬಿಯಡಿಯ ಅಡ್ಡ ತೊಲೆಗೆ) ಕ್ಲಿಪ್ ಹಾಕಿ ಬಿಗಿದು ಹಿಗ್ಗೋಕೇ ಬಿಡಲ್ಲ. ಮೀಟರಿಗೆ 60 ಕೆಜಿ ತೂಗುವ ಕಂಬಿ ಬಿಗಿದಾಗಿನದಕ್ಕಿಂತ 30 ಡಿಗ್ರಿ ಹೆಚ್ಚು ಕಾದರೆ ಒಳಗೆ ಸುಮಾರು 56 ಟನ್ ಒತ್ತಡ ಕೂರುತ್ತೆ. ಒಂದು ಕಿ.ಮೀ. ಇದ್ದರೂ ನೂರು ಇದ್ದರೂ ಅಷ್ಟೇ, ಉದ್ದಕ್ಕೂ ಇದಕ್ಕೂ ಸಂಬಂಧವಿಲ್ಲ. ಜಲ್ಲಿ ಹಾದಿಯಲ್ಲಿ ತುದಿಯ ನೂರು ಮೀಟರ್ ಆಸುಪಾಸು ಮಾತ್ರ ಸರಿದಾಡುತ್ತೆ. ಅಲ್ಲಿ ಚೂಪು ಮಾಡಿದ ಕಂಬಿಗಳು ಒಂದರ ಪಕ್ಕ ಒಂದು ಜಾರುವ ಜೋಡಣೆ ಇರುತ್ತೆ.

ಅಪಾಯ ಇರೋದು ಪಕ್ಕಕ್ಕೆ. ಸ್ಲೀಪರ್ ತುದಿಯಾಚೆಯ ಜಲ್ಲಿ ಕಮ್ಮಿಯಾದರೆ, ಅಥವಾ ಆಗಷ್ಟೇ ಮೆಷಿನ್ ಹಾಕಿ ಜಲ್ಲಿ ಕೆದಕಿದ್ದರೆ ಹಿಡಿತ ಸಡಿಲ. ಮಟಮಟ ಮಧ್ಯಾಹ್ನ ಹಾದಿ ಹಾವಿನ ಹಾಗೆ ಸೊಟ್ಟಗಾಗೋದು ಆಗಲೇ. ಅದಕ್ಕೇ ಆ ಕೆಲಸ ಆದಮೇಲೆ ಕೆಲವು ದಿನ ವೇಗಕ್ಕೆ ಕಡಿವಾಣ.

ಗ್ಯಾಂಗ್_ಲೆಕ್ಕ: ಯಾವ ಉಷ್ಣತೆಯಲ್ಲಿ ಬಿಗೀತೀರಿ ಅನ್ನೋದೇ ಮುಖ್ಯ. ಗುರಿ 38 ಡಿಗ್ರಿ (ಆ ಉಷ್ಣತೆಯಲ್ಲಿ ಕಂಬಿಯಲ್ಲಿ ಒತ್ತಡವೂ ಎಳೆತವೂ ಇರಬಾರದು), ಕಂಬಿ ಈಗ 26 ಅಂದುಕೊಳ್ಳಿ. ಆ 12 ಡಿಗ್ರಿಗೆ ಹಿಗ್ಗುತ್ತಿದ್ದಷ್ಟು ಎಳೀಬೇಕು: 500 ಮೀಟರಿಗೆ 500 × 12 × 0.0000115 (ಉಕ್ಕು ಡಿಗ್ರಿಗೆ ಹಿಗ್ಗುವ ಪ್ರಮಾಣ), ಅಂದರೆ 69 ಮಿ.ಮೀ. ಥರ್ಮಿಟ್ ಬೆಸುಗೆಗೆ (ಸಂದಿಗೆ ಕರಗಿದ ಉಕ್ಕು ಸುರಿಯೋದು) 25 ಸೇರಿಸಿ 94 ಮಿ.ಮೀ. ಸಂದು ಬರುವಂತೆ ಕತ್ತರಿಸಿ. ಕ್ಲಿಪ್ ಬಿಚ್ಚಿ, ಕಂಬಿಯನ್ನು ರೋಲರ್ ಮೇಲಿಟ್ಟು, ಮರದ ಸುತ್ತಿಗೆಯಿಂದ ತಟ್ಟುತ್ತಾ ಹೈಡ್ರಾಲಿಕ್ ಟೆನ್ಸರಿನಿಂದ 25 ಉಳಿಯೋವರೆಗೆ ಎಳೀರಿ. ದಾರಿಯುದ್ದಕ್ಕೂ ಗುರುತು ಹಾಕಿಡಿ: ನಡುವಿನದು ಸುಮಾರು 35 ಮಿ.ಮೀ. ಸರಿದಿರಬೇಕು. ಸರಿದಿಲ್ಲ ಅಂದ್ರೆ ಕಂಬಿ ಎಲ್ಲೋ ಸಿಕ್ಕಿಕೊಂಡಿದೆ, ಸಂದು ನೋಡಿ ಮೋಸ ಹೋಗಬೇಡಿ.

ಚಪ್ಪಡಿ_ಹಾದಿ: ಕಾಂಕ್ರೀಟಿನ ವಿಷಯಕ್ಕೆ. ಜಪಾನಿನ ಬುಲೆಟ್ ರೈಲು ಮಾರ್ಗವಾದ 1964ರ ಟೋಕಿಯೊ–ಒಸಾಕಾ ಶಿಂಕಾನ್ಸೆನ್ ಬಹುತೇಕ ಜಲ್ಲಿಯ ಮೇಲೇ ಇದೆ. ಮಣ್ಣಿನ ಏರಿ ಕುಸಿದರೆ ಜಲ್ಲಿ ತುಂಬಿ ಎತ್ತಬಹುದು; ಕಾಂಕ್ರೀಟ್ ಚಪ್ಪಡಿಯಲ್ಲಿ ಆ ಸಲೀಸು ಇಲ್ಲ, ಕಂಬಿಯಡಿ ತೆಳು ತಗಡು ಸೇರಿಸುವಷ್ಟೇ. ಆದರೆ ಆ ಮಾರ್ಗದ ಸೆಕಿಗಹಾರಾದಲ್ಲಿ ಹಿಮದ ಕಾಟ: ಬೋಗಿಯಡಿ ಗಟ್ಟಿಯಾದ ಮಂಜುಗಡ್ಡೆ ಉದುರಿ ಜಲ್ಲಿಯನ್ನು ಸಿಡಿಸುತ್ತೆ. ಹಾಗಾಗಿ ಹಳಿಗೆ ನೀರು ಚಿಮುಕಿಸ್ತಾರೆ, ವೇಗವನ್ನೂ ಇಳಿಸ್ತಾರೆ. ಮುಂಬೈ ಮಾರ್ಗ ಬಹುಪಾಲು ಕಂಬದ ಮೇಲೆ, ಕುಸಿಯೋ ಏರಿ ಇಲ್ಲ. ಅಲ್ಲಿ 190 ಮಿ.ಮೀ. ದಪ್ಪದ ಚಪ್ಪಡಿ, ಅಡಿಯಲ್ಲಿ ಸಿಮೆಂಟ್–ಡಾಂಬರು ಗಾರೆ.

ಪಯಣಿಗ_ಪ್ರಶ್ನೆ: ಚಳಿಗಾಲದಲ್ಲಿ ಉಲ್ಟಾ ಆಗಲ್ವಾ?

ಕ್ಲಿಪ್ಪು_ಕಂಬಿ: ಆಗುತ್ತೆ, ಕಂಬಿ ಎಳೆತಕ್ಕೆ ಬೀಳುತ್ತೆ. ಬೆಸುಗೆಯಲ್ಲಿ ಗುಳ್ಳೆ ಉಳಿದಿದ್ದರೆ ಬೆಳಗಿನ ಜಾವ ಅಲ್ಲೇ ತುಂಡಾಗೋದು. ಅಲ್ಟ್ರಾಸಾನಿಕ್ ತಪಾಸಣೆ ಇರೋದೇ ಅದನ್ನು ಮೊದಲೇ ಹಿಡಿಯೋಕೆ.