ಪಿಯಾನೋ ಸಾಫ್ಟ್‌ವೇರ್ ತಾನೇ ಉಳಿಸಿದ ಮಿಡಿ, ನಾವು ಉಳಿಸಿದ ಮಿಡಿ: ಹೆಂಗ ಇಟ್ಕೋತೀರಿ?

ಕೊಪ್ಪಳದಿಂದ ಪ್ರಶ್ನೆ:
ಸಂಗೀತ ಪಾಠದ ಲ್ಯಾಪ್‌ಟಾಪಿನಾಗ ಪಿಯಾನೋಟೆಕ್ ಅನ್ನೋ ಪಿಯಾನೋ ಸಾಫ್ಟ್‌ವೇರ್ ಐತಿ. ರೆಕಾರ್ಡ್ ಒತ್ತದಿದ್ರೂ ನುಡಿಸಿದ್ದು ಉಳೀತೈತಿ. ಈಗ ನೂರಾರು ಮಿಡಿ ಫೈಲು (ಧ್ವನಿ ಅಲ್ಲ, ಯಾವ ಕೀ ಯಾವಾಗ ಒತ್ತಿದ್ದು ಅನ್ನೋ ದಾಖಲೆ) ಆಗ್ಯಾವು. ನಾವಾಗಿ ರೆಕಾರ್ಡ್ ಮಾಡಿದ್ದು ಯಾವುದು, ತಾನೇ ಆದದ್ದು ಯಾವುದು ತಿಳೀವಲ್ದು. ಕೆಲವನ್ನ ಬೇರೆ ಸಾಫ್ಟ್‌ವೇರಿನಾಗ ತೆರೆದ್ರ ಪರದೆ ಮ್ಯಾಲಿನ ತಾಳದ ಗೆರೆಗೆ ಕೂಡವಲ್ವು. ಕರೆಂಟ್ ಹೋಗಿ ಬಂದಾಗಿನ ಫೈಲಿನಾಗ ಸ್ವರ ಎಲ್ಲಾ ಕಲಸಿ ಕೇಳ್ತಾವು. ಬಲ್ಲವರು ಹೇಳ್ರಿ.

ಬಳ್ಳಾರಿಯಿಂದ:
ಸರ್, ತಾನೇ ಉಳಿಯೋ ಫೋಲ್ಡರು ಕಣದಲ್ಲಿನ ರಾಶಿ ಇದ್ದಂಗೆ. ತೂರಿ ಕಾಳು ಬೇರೆ ಮಾಡೋದು ಅವತ್ತೇ ಆಗಬೇಕು. ವಾರ ಕಳೆದ್ರೆ ಯಾವ ಫೈಲು ಯಾವ ಹುಡುಗಂದು ಅಂತ ಯಾರಿಗೂ ನೆನಪಿರಲ್ಲ. ಪಾಠ ಮುಗಿದ ಕೂಡಲೇ ಕೇಳಿ, ಬೇಕಾದ್ದನ್ನ ಬೇರೆ ಫೋಲ್ಡರಿಗೆ ಹೊಸ ಹೆಸರಲ್ಲಿ ಸೇವ್ ಮಾಡ್ರಿ. ಹೆಸರಲ್ಲಿ ತಾರೀಖು, ರಾಗ, ಶ್ರುತಿ, ಸಾಫ್ಟ್‌ವೇರಿನಲ್ಲಿ ಆರಿಸಿದ ಪಿಯಾನೋದ ಹೆಸರು ಇರಲಿ. ತಾರೀಖು 2025-06-14 ಅಂತ ವರ್ಷ ಮೊದಲು ಬರೀರಿ. ದಿನ ಮೊದಲು ಬರೆದರೆ ಎಲ್ಲಾ ತಿಂಗಳ 14ನೇ ತಾರೀಖೂ ಒಂದೇ ಕಡೆ ಗುಡ್ಡೆ ಬೀಳ್ತವೆ. ಪಿಯಾನೋದ ಹೆಸರು ಯಾಕಂದ್ರೆ ಮಿಡಿಯಲ್ಲಿ ಧ್ವನಿ ಇರಲ್ಲ. ಯಾವ ಕೀ, ಎಷ್ಟು ಜೋರು, ಯಾವಾಗ ಒತ್ತಿದ್ದು, ಯಾವಾಗ ಬಿಟ್ಟದ್ದು, ಪೆಡಲ್ ಎಲ್ಲಿತ್ತು, ಇಷ್ಟೇ.

ಜಾಗದ ಚಿಂತೆ ಬೇಡ. ಒಂದು ಸ್ವರ ಒತ್ತಿ ಬಿಡೋಕೆ ಹೆಚ್ಚುಕಡಿಮೆ 8 ಬೈಟು, 10,000 ಸ್ವರಕ್ಕೆ 80 ಕಿಲೋಬೈಟು. ಸಿಡಿ ಗುಣಮಟ್ಟದ ವೇವ್ ಫೈಲಾದ್ರೆ ನಿಮಿಷಕ್ಕೇ 10 ಎಂಬಿ ತಿನ್ನುತ್ತೆ. ಬೇಡದ್ದನ್ನ ಅಳಿಸೋದು ಜಾಗ ಉಳಿಸೋಕಲ್ಲ, ಬೇಕಾದ್ದು ಕಣ್ಣಿಗೆ ಬೀಳಲಿ ಅಂತ.

ರಾಯಚೂರಿನಿಂದ:
ಸ್ವರ ಕಲಸೋದು ಪೆಡಲಿಂದ. ಕರೆಂಟ್ ಹೋದ್ರ ಲ್ಯಾಪ್‌ಟಾಪ್ ಬ್ಯಾಟರಿ ಮ್ಯಾಲ ನಡೀತದ, ಅಡಾಪ್ಟರಿನ ಕೀಬೋರ್ಡ್ ಆರ್ತದ. ಆಗ ಕಾಲು ಪೆಡಲ್ ಮ್ಯಾಲಿದ್ರ, ಒತ್ತಿದ ಸಂದೇಶ ಹೋಗಿರ್ತದ (ಮಿಡಿಯಾಗ ಪೆಡಲಿನ ನಂಬರು ಕಂಟ್ರೋಲರ್ 64, ಬೆಲೆ 127), ಬಿಟ್ಟ ಸಂದೇಶ (ಬೆಲೆ 0) ಬರೋದೇ ಇಲ್ಲ. ಮುಂದ ನುಡಿಸಿದ್ದೆಲ್ಲ ಒಂದರ ಮ್ಯಾಲೊಂದು ಕೂತ್ಕೋತದ.

ಮಿಡಿ ಎಡಿಟರಿನಾಗ ಕರೆಂಟ್ ಹೋದ ಜಾಗಕ್ಕ 64ರ ಬೆಲೆ 0 ಹಾಕ್ರಿ, ಆಮ್ಯಾಲ ಕಂಟ್ರೋಲರ್ 123 (ಎಲ್ಲಾ ಸ್ವರ ಬಿಡು ಅನ್ನೋ ಸಂದೇಶ), ಬೆಲೆ 0. ಬರೀ 123 ಹಾಕಿದ್ರ ಸಾಲದು, ಪೆಡಲ್ ಹಿಡಿದಿಟ್ಟ ಸ್ವರ ಅದಕ್ಕ ಬಿಡಂಗಿಲ್ಲ. ಕರೆಂಟ್ ಬಂದು ಕೀಬೋರ್ಡ್ ಚಾಲೂ ಮಾಡುವಾಗ ಪೆಡಲ್ ಮ್ಯಾಲ ಕಾಲಿಡಬ್ಯಾಡ್ರಿ. ಭಾಳ ಕೀಬೋರ್ಡು ಆ ಹೊತ್ತಿನಾಗೇ ಪೆಡಲಿನ ದಿಕ್ಕು ಗುರುತಿಸ್ತಾವ, ಒತ್ತಿದ್ದು ಬಿಟ್ಟದ್ದು ಉಲ್ಟಾ ಆಗ್ತದ. ಸೆಟ್ಟಿಂಗಿನಾಗ ಮಿಡಿ ಇನ್‌ಪುಟ್‌ಗೆ ಟಿಕ್ ಅದ ಇಲ್ಲೋ ಅದನ್ನೂ ನೋಡ್ರಿ.

ಎಲ್ಲಾ ಸಾಫ್ಟ್‌ವೇರೂ ಪಿಯಾನೋಟೆಕ್‌ನಂಗ ಫೈಲು ಇಡಂಗಿಲ್ಲ. ಕ್ಯೂಬೇಸ್, ಏಬಲ್‌ಟನ್ ಲೈವ್ ರೆಕಾರ್ಡಿಂಗ್ ಸಾಫ್ಟ್‌ವೇರು. ಕ್ಯೂಬೇಸಿನ ರೆಟ್ರೋಸ್ಪೆಕ್ಟಿವ್ ರೆಕಾರ್ಡ್, ಏಬಲ್‌ಟನ್ ಲೈವ್ 10ರಿಂದ ಬಂದ ಕ್ಯಾಪ್ಚರ್, ಇವು ನುಡಿಸಿದ್ದನ್ನ ಮೆಮರಿಯಾಗ ಹಿಡಿದಿರ್ತಾವ ಅಷ್ಟ. ಟ್ರ್ಯಾಕಿಗೆ ಇಳಿಸಿ ಸೇವ್ ಮಾಡದೆ ಮುಚ್ಚಿದ್ರ ಹೋಯ್ತು. ಡೆಸ್ಕ್‌ಟಾಪ್ ಇದ್ರ ಯುಪಿಎಸ್ ಬೇಕೇ ಬೇಕು.

ಗಂಗಾವತಿಯಿಂದ:
ತಾಳದ ವಿಷಯ. ತಾನೇ ಆದ ರೆಕಾರ್ಡಿಗೆ ಲಯ ಗೊತ್ತಿರಂಗಿಲ್ಲ. ಫೈಲಿನಾಗ ಟೆಂಪೋ (ಲಯದ ವೇಗ) ಬರೆದಿರದಿದ್ರ ನಿಮಿಷಕ್ಕ 120 ಬೀಟು ಅಂತಲೇ ಲೆಕ್ಕ. ಹಂಗಾಗಿ ಕೇಳೋಕೆ ಸರಿ ಇದ್ರೂ ಗೆರೆಗೆ ಕೂಡೂದಿಲ್ಲ. ಟೆಂಪೋ 90 ಇರೋ ಪ್ರಾಜೆಕ್ಟಿಗೆ, ಫೈಲಿನ ಟೆಂಪೋ ಬಿಟ್ಟು ಎಳೆದು ಹಾಕಿದ್ರ 3 ನಿಮಿಷದ್ದು 4 ನಿಮಿಷ ಆಗ್ತೈತಿ. ಮೊದಲು ಪ್ರಾಜೆಕ್ಟನ್ನ 120ಕ್ಕ ಇಟ್ಟು ಹಾಕ್ರಿ. ತಾಳ ಇದ್ರ ಸಮ್ (ಆವರ್ತನದ ಮೊದಲ ಮಾತ್ರೆ) ಬೀಳೋ ಜಾಗ ಒಂದೊಂದೇ ಗುರುತಿಸಿ ಟೆಂಪೋ ಮ್ಯಾಪ್, ಅಂದ್ರ ಎಲ್ಲೆಲ್ಲಿ ವೇಗ ಎಷ್ಟು ಅನ್ನೋ ಪಟ್ಟಿ, ಮಾಡ್ರಿ: ತೀನ್‌ತಾಲ್‌ಗೆ 4/4ರ ನಾಲ್ಕು ಬಾರ್ ಒಂದು ಆವರ್ತನ, ರೂಪಕ್‌ಗೆ 7/4ರ ಒಂದು ಬಾರ್. ಆಲಾಪಕ್ಕ ಮಾತ್ರ ಕ್ವಾಂಟೈಸ್ (ಸ್ವರಗಳನ್ನ ತಾಳದ ಗೆರೆಗೆ ಎಳೆದು ಕೂಡಿಸೋದು) ಹಚ್ಚಲೇಬ್ಯಾಡ್ರಿ, ಅದರ ಜೀವನೇ ಹೋಗ್ತೈತಿ. ತಬಲಾ ಟ್ರ್ಯಾಕ್ ಕೂಡಿಸೋದು ಇದ್ರ ಮೊದಲಿಂದಲೇ ಕ್ಲಿಕ್ (ಬೀಟಿಗೊಮ್ಮೆ ಟಿಕ್ ಅನ್ನೋ ಸದ್ದು) ಹಚ್ಚಿ, ರೆಕಾರ್ಡ್ ಒತ್ತಿ ನುಡಿಸ್ರಿ. ಅಲ್ಲಿ ತಾನೇ ಆಗೋ ರೆಕಾರ್ಡ್ ಉಪಯೋಗಕ್ಕ ಬರಂಗಿಲ್ಲ.

ಮತ್ತೆ ಕೊಪ್ಪಳದಿಂದ:
ಎಲ್ಲರಿಗೂ ನಮಸ್ಕಾರ್ರೀ. ಇನ್ನೊಂದು. ಕಪ್ಪು 1ಕ್ಕೆ (ಸಿ ಶಾರ್ಪ್ ಶ್ರುತಿ) ಟ್ರಾನ್ಸ್‌ಪೋಸ್ ಮಾಡಿ, ಅಂದ್ರ ಶ್ರುತಿ ಏರಿಸಿ, ನುಡಿಸಿದ್ದು ಬೇರೆ ಕಂಪ್ಯೂಟರಿನಾಗ ಬಿಳಿ 1ಕ್ಕೆ (ಸಿ) ಬರ್ತೈತಿ. ಯಾಕ?

ಬಳ್ಳಾರಿಯಿಂದ:
ಟ್ರಾನ್ಸ್‌ಪೋಸ್ ಎಲ್ಲಿ ಮಾಡಿದ್ರಿ ಅನ್ನೋದ್ರ ಮೇಲೆ ಐತೆ. ಕೀಬೋರ್ಡಿನಲ್ಲೇ ಮಾಡಿದ್ರೆ ಸಾಮಾನ್ಯವಾಗಿ ಬದಲಾದ ಸ್ವರವೇ ಹೊರಗೆ ಹೋಗಿ ಫೈಲಿಗೆ ಬೀಳುತ್ತೆ. ಸಾಫ್ಟ್‌ವೇರಿನಲ್ಲಿ ಮಾಡಿದ್ರೆ ಒತ್ತಿದ ಕೀ ಹಂಗೇ ಫೈಲಿಗೆ ಹೋಗಿ, ಶ್ರುತಿ ಕೇಳುವಾಗ ಮಾತ್ರ ಬದಲಾಗಿರಬಹುದು. ನಿಮ್ಮದು ಇದೇ ಅನ್ಸುತ್ತೆ. ಒಂದೇ ಒಂದು ಸಾ ರೆಕಾರ್ಡ್ ಮಾಡಿ ಪಿಯಾನೋ ರೋಲಿನಲ್ಲಿ (ಸ್ವರಗಳನ್ನ ಪಟ್ಟಿಯಾಗಿ ತೋರಿಸೋ ಎಡಿಟರಿನ ಕಿಟಕಿ) ಅದರ ಮಿಡಿ ನಂಬರು ನೋಡ್ರಿ. ನಡು ಸಪ್ತಕದ್ದಾದ್ರೆ, 61 ಇದ್ದರೆ ಶ್ರುತಿ ಫೈಲಲ್ಲೇ ಐತೆ, 60 ಇದ್ದರೆ ಇಲ್ಲ. ಅಂಥ ಫೈಲನ್ನ ಎಡಿಟರಿನಲ್ಲಿ ಎಲ್ಲಾ ಸ್ವರ ಆರಿಸಿ ಒಂದು ಅರ್ಧಸ್ವರ ಮೇಲೇರಿಸಿ ಸೇವ್ ಮಾಡ್ರಿ. ನಂಬರನ್ನೇ ನೋಡ್ರಿ, ಹೆಸರನ್ನಲ್ಲ: 60ನ್ನ ಒಂದು ಕಂಪನಿ ಸಿ3 ಅಂತ ತೋರಿಸುತ್ತೆ, ಇನ್ನೊಂದು ಸಿ4 ಅಂತ.