ಹಳೇ ಕಾರಿಗೆ ಹೊಸ ಸ್ಟೀರಿಯೋ: ಸ್ಟೇಷನ್ ಅಳಿಸಿಹೋಗುತ್ತೆ, ವಾಲ್ಯೂಮ್ ಏರಿಸಿದರೆ ‘ಪ್ರೊಟೆಕ್ಟ್’

ಪ್ರಶ್ನೆ: ಕಾರಿನ ಹಳೇ ಕ್ಯಾಸೆಟ್ ಪ್ಲೇಯರ್ ತೆಗೆದು ಸಿಂಗಲ್ ಡಿನ್ (ಒಂದೇ ಪಟ್ಟಿಯ ಸಾಮಾನ್ಯ ಅಳತೆ) ಬ್ಲೂಟೂತ್ ಸೆಟ್ ಹಾಕಿದ್ದೇನೆ. ಹಾಡು ಬರುತ್ತದೆ. ಆದರೆ ಕೀ ತೆಗೆದರೆ ಸಾಕು, ಗಡಿಯಾರ, ಸ್ಟೇಷನ್ ಎಲ್ಲಾ ಅಳಿಸಿಹೋಗುತ್ತದೆ. ವಾಲ್ಯೂಮ್ ಏರಿಸಿದರೆ ‘ಪ್ರೊಟೆಕ್ಟ್’ ಅಂತ ತೋರಿಸಿ ಬಂದ್ ಆಗುತ್ತದೆ. ಸೆಟ್ಟೇ ಕೆಟ್ಟಿದೆಯಾ? ಅಂದ ಹಾಗೆ, ಹಳೇ ವೈರಿಂಗ್‌ನಲ್ಲಿ ಒಂದೊಂದು ಸ್ಪೀಕರಿಗೆ ಒಂದೇ ವೈರ್ ಇದೆ. ಹೊಸ ಸೆಟ್ಟಿನ ಸ್ಪೀಕರ್ ಮೈನಸ್ ವೈರ್‌ಗಳಿಗೆ ಟೇಪ್ ಸುತ್ತಿ ಬಿಟ್ಟಿದ್ದೇನೆ.

ಉತ್ತರ: ಸೆಟ್ ಚೆನ್ನಾಗೇ ಇರಬೇಕು ಸರ್, ಆದರೆ ಸದ್ಯಕ್ಕೆ ಆನ್ ಮಾಡಬೇಡಿ. ಹಳೇ ಕಾರುಗಳಲ್ಲಿ ಸ್ಪೀಕರಿನ ಮೈನಸ್ ಅನ್ನು ಕಾರಿನ ಬಾಡಿಗೇ, ಅಂದರೆ ಲೋಹದ ಮೈಗೇ, ಅರ್ತ್ ಮಾಡುತ್ತಿದ್ದರು. ಈಗಿನ ಸೆಟ್‌ಗಳಿಗೆ ಅದು ಆಗುವುದಿಲ್ಲ. ಅವುಗಳ ಸ್ಪೀಕರ್ ವೈರ್ ಎರಡರಲ್ಲೂ ಸುಮಾರು 6 ವೋಲ್ಟ್ ನಿಂತಿರುತ್ತದೆ. ನಿಮ್ಮಲ್ಲಿ ಅದು ಸ್ಪೀಕರ್ ಮೂಲಕ ಸೀದಾ ಬಾಡಿಗೆ ಹರಿಯುತ್ತಿದೆ, ಹಾಡು ಇರಲಿ ಬಿಡಲಿ. ಸ್ಪೀಕರಿನೊಳಗಿನ ಕಾಯಿಲ್ ಬಿಸಿಯಾಗುತ್ತದೆ. ಅದಕ್ಕೇ ಸೆಟ್ ತನ್ನನ್ನು ಕಾಪಾಡಿಕೊಳ್ಳಲು ‘ಪ್ರೊಟೆಕ್ಟ್’ ಅಂತ ಬಂದ್ ಆಗುವುದು. ಹಾಗಂತ ಮೈನಸ್ ವೈರ್‌ಗಳನ್ನು ಬಾಡಿಗೆ ಕೊಟ್ಟುಬಿಡಬೇಡಿ, ಅದು ನೇರ ಶಾರ್ಟ್, ಸೆಟ್ಟಿನೊಳಗೆ ಸ್ಪೀಕರ್ ನಡೆಸುವ ಐಸಿ (ಚಿಪ್) ಸುಟ್ಟೀತು.

ಪ್ರತಿ ಸ್ಪೀಕರಿಗೂ ಹೊಸದಾಗಿ ಎರಡೆರಡು ವೈರ್ ಎಳೆಯಲೇಬೇಕು. ಸೆಟ್ಟಿನ ವೈರ್‌ಗಳಲ್ಲಿ ಬಿಳಿ ಮುಂದಿನ ಎಡ, ಬೂದು ಮುಂದಿನ ಬಲ, ಹಸಿರು ಹಿಂದಿನ ಎಡ, ನೇರಳೆ ಹಿಂದಿನ ಬಲ. ಕಪ್ಪು ಗೆರೆ ಇರುವುದು ಮೈನಸ್. ಸೆಟ್‌ಗೆ ಸಿಕ್ಕಿಸುವ ಮೊದಲು ಮಲ್ಟಿಮೀಟರ್ ಬೀಪ್‌ನಲ್ಲಿಟ್ಟು, ಒಂದು ಕಡ್ಡಿ ಸ್ಪೀಕರ್ ವೈರಿಗೆ, ಇನ್ನೊಂದು ಬಣ್ಣವಿಲ್ಲದ ಲೋಹಕ್ಕೆ ತಾಗಿಸಿ. ಬೀಪ್ ಬಂದರೆ ಎಲ್ಲೋ ಇನ್ನೂ ಬಾಡಿಗೆ ತಾಗುತ್ತಿದೆ. ಕೆಲವು ಹಳೇ ಸ್ಪೀಕರ್‌ಗಳಲ್ಲಿ ಮೈನಸ್ ಫ್ರೇಮಿಗೇ ಸೇರಿರುತ್ತದೆ, ಅದನ್ನೂ ನೋಡಿ. ಪ್ಲಸ್ ಯಾವುದು ಅಂತ ಗೊತ್ತಾಗದಿದ್ದರೆ 1.5 ವೋಲ್ಟ್ ಸೆಲ್ ಒಂದು ಕ್ಷಣ ತಾಗಿಸಿ. ಸ್ಪೀಕರಿನ ಕೋನ್ (ಅದುರುವ ಕಾಗದದ ಭಾಗ) ಹೊರಕ್ಕೆ ಚಿಮ್ಮಿದರೆ, ಸೆಲ್ಲಿನ ಪ್ಲಸ್ ತಾಗಿದ ಕಡೆಯೇ ಪ್ಲಸ್.

ಸ್ಟೇಷನ್ ಅಳಿಸುವುದು ಸಣ್ಣ ವಿಷಯ. ಸೆಟ್ಟಿನ ಹಳದಿ ವೈರಿಗೆ ಯಾವಾಗಲೂ 12 ವೋಲ್ಟ್ ಬೇಕು, ಕೆಂಪಿಗೆ ಕೀ ತಿರುಗಿಸಿದಾಗ ಮಾತ್ರ. ನಿಮ್ಮಲ್ಲಿ ಅದಲು ಬದಲಾಗಿರಬೇಕು, ಇಲ್ಲವೇ ಎರಡೂ ಕೀಗೇ ಸೇರಿರಬೇಕು. ಕಾರಿನ ಕಡೆಯ ವೈರ್ ಬಣ್ಣ ನಂಬಬೇಡಿ, ಮೀಟರ್ ನಂಬಿ.

ಪ್ರಶ್ನೆ: ಕೆಂಪು, ಹಳದಿ ಎರಡನ್ನೂ ಬ್ಯಾಟರಿಗೇ ಕೊಟ್ಟುಬಿಟ್ಟರೆ ಸುಲಭ ಅಲ್ವಾ?

ಉತ್ತರ: ಕೆಲಸ ಮಾಡುತ್ತದೆ. ಆದರೆ ಕೀ ತೆಗೆದದ್ದು ಸೆಟ್‌ಗೆ ಗೊತ್ತಾಗುವುದೇ ಇಲ್ಲ. ನೀವು ಮರೆತ ದಿನ ಬ್ಯಾಟರಿ ಕೂತುಬಿಡುತ್ತದೆ. ಕೆಂಪನ್ನು ಫ್ಯೂಸ್ ಬಾಕ್ಸಿನಲ್ಲಿ ಕೀಯಿಂದ ಆನ್ ಆಗುವ ಜಾಗಕ್ಕೇ ಕೊಡಿ.

ಪ್ರಶ್ನೆ: ವೈರ್ ಎಲ್ಲಾ ಹೊಸದಾಗಿ ಎಳೆದೆ. ಪ್ರೊಟೆಕ್ಟ್ ಹೋಯಿತು, ಸ್ಟೇಷನ್ ಉಳಿಯುತ್ತಿದೆ. ಆದರೆ ಈಗ ಎಂಜಿನ್ ಆನ್ ಇದ್ದಾಗ ಸಣ್ಣಗೆ ‘ಕುಂಯ್’ ಅನ್ನುತ್ತದೆ. ಆಕ್ಸಿಲರೇಟರ್ ಒತ್ತಿದ ಹಾಗೆ ಸದ್ದೂ ಏರುತ್ತದೆ.

ಉತ್ತರ: ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್‌ನ ಸದ್ದು ಅದು. ಸೆಟ್ಟಿನ ಕಪ್ಪು ವೈರ್, ಅಂದರೆ ಅರ್ತ್, ಎಲ್ಲಿ ಕೊಟ್ಟಿದ್ದೀರಿ? ಡ್ಯಾಶ್‌ಬೋರ್ಡಿನ ಬಣ್ಣ ಬಳಿದ ಸ್ಕ್ರೂಗೆ ಕೊಟ್ಟಿದ್ದರೆ ತೆಗೆಯಿರಿ. ಬಾಡಿಯಲ್ಲಿ ಒಂದು ಕಡೆ ಬಣ್ಣ, ತುಕ್ಕು ಕೆರೆದು ಲೋಹ ಹೊಳೆಯುವಂತೆ ಮಾಡಿ, ರಿಂಗ್ ಟರ್ಮಿನಲ್ ಹಾಕಿ ಬೋಲ್ಟ್ ಬಿಗಿ ಮಾಡಿ. ಆಮೇಲೂ ಬಂದರೆ ಹೇಳಿ, ಹಳದಿ ವೈರಿಗೆ ನಾಯ್ಸ್ ಫಿಲ್ಟರ್ ಹಾಕುವುದನ್ನು ನೋಡೋಣ.